ಗೆದ್ದವರು ಕಟ್ಟಿದ ಗಂಡಸ್ತನ

1856ರ ಫೆಬ್ರುವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನು ನುಂಗಿತು. ಕೊಟ್ಟ ಕಾರಣ ದುರಾಡಳಿತ. ಅದರ ಬೆನ್ನಿಗೇ ಇನ್ನೊಂದು ದೂರೂ ಇತ್ತು: ಅಲ್ಲಿನ ದೊರೆ ವಾಜಿದ್ ಅಲಿ ಶಾಹ ಹಾಡುತ್ತಾನೆ, ಕುಣಿಯುತ್ತಾನೆ, ಜನಾನಾದಲ್ಲೇ ಕಾಲ ಕಳೆಯುತ್ತಾನೆ, ಇವನೆಂಥ ಗಂಡಸು? ಇದೇ ದೊರೆ ಪಟ್ಟಕ್ಕೆ ಬಂದ ಹೊಸತರಲ್ಲಿ ಬಾಂಕಾ, ತಿರ್ಛಾ, ಘನಘೋರ್ ಎಂಬ ಪಡೆಗಳನ್ನು ಕಟ್ಟಿ, ತಾನೇ ಕುದುರೆಯೇರಿ ಕವಾಯತು ಮಾಡಿಸುತ್ತಿದ್ದನೆಂದು ಅವಧ್‌ನ ರಾಜಧಾನಿ ಲಖನೌದ ಚರಿತ್ರೆ ಬರೆದ ಅಬ್ದುಲ್ ಹಲೀಂ ಶರರ್ ಹೇಳುತ್ತಾನೆ. ಅರ್ಧ ಶತಮಾನದ ಹಿಂದೆ ಶ್ರೀರಂಗಪಟ್ಟಣದಲ್ಲಿ ಕಾದಾಡುತ್ತಲೇ ಸತ್ತ ಟಿಪ್ಪುವಿಗೆ ಅದೇ ಕಂಪನಿಯವರು ಕ್ರೂರಿಯ ಹಣೆಪಟ್ಟಿ ಹಚ್ಚಿದ್ದರು. ಕತ್ತಿ ಹಿಡಿದರೆ ರಾಕ್ಷಸ, ತಂಬೂರಿ ಹಿಡಿದರೆ ಹೆಣ್ಣಿಗ. ಈ ಅಳತೆಗೋಲು ಹೇಳುತ್ತಿದ್ದುದು ಆಳುವ ಹಕ್ಕು ಯಾರದೆಂಬುದನ್ನು ಮಾತ್ರ ಎಂಬುದು ನನ್ನ ವಾದ.

ಆ ಅಳತೆಗೋಲಾದರೂ ಇಂಗ್ಲಿಷರಲ್ಲಿ ಅನಾದಿಯದೇನಲ್ಲ. 18ನೇ ಶತಮಾನದ ಇಂಗ್ಲಿಷ್ ಸಿರಿವಂತ ಪುಡಿ ಹಚ್ಚಿದ ಟೋಪನ್, ರೇಷ್ಮೆಯ ಕಾಲುಚೀಲ ತೊಟ್ಟು ಓಡಾಡುತ್ತಿದ್ದ. ಕಾದಂಬರಿ ಓದಿ ಕಣ್ಣೀರು ಹಾಕುವುದು ಆಗಿನ ಸಂಭಾವಿತನಿಗೆ ಭೂಷಣ. ಮೈದಾನದಲ್ಲಿ ಮೈ ಹುರಿಗಟ್ಟಿಸಿಕೊಂಡು, ಅಳು ನುಂಗಿದವನೇ ಗಂಡಸು ಎಂಬ ಪಾಠವನ್ನು ಹರಡಿದ್ದು 19ನೇ ಶತಮಾನದ ಪಬ್ಲಿಕ್ ಸ್ಕೂಲುಗಳು. ರಗ್ಬಿ ಶಾಲೆಯನ್ನು ಕುರಿತ ಥಾಮಸ್ ಹ್ಯೂಸ್‌ನ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಅಚ್ಚಾದದ್ದು 1857ರಲ್ಲಿ, ಅವಧ್ ಬಂಡೆದ್ದ ವರ್ಷವೇ. ವಾಜಿದ್‌ನನ್ನು ಹೀಗಳೆದ ಇಂಗ್ಲಿಷರು ತಮ್ಮ ಅಜ್ಜಂದಿರನ್ನು ಅದೇ ಕಟಕಟೆಯಲ್ಲಿ ನಿಲ್ಲಿಸಿದ್ದರೆ ಅವರೂ ಪಾರಾಗುತ್ತಿರಲಿಲ್ಲ.

ಇತ್ತ ಉರ್ದು ಲೋಕ ಫಾರಸಿಯಿಂದ ಪಡೆದ ಜವಾನ್‌ಮರ್ದಿ ಎಂಬ ಗಂಡಸ್ತನದ ಆದರ್ಶದಲ್ಲಿ ಶೌರ್ಯದ ಜೊತೆಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು, ಕೈಬಿಚ್ಚಿ ಕೊಡುವುದು, ನಂಬಿ ಬಂದವರನ್ನು ಕಾಯುವುದು ಎಲ್ಲವೂ ಇದ್ದವು. ಸಂಗೀತ ಅದಕ್ಕೆ ಅಡ್ಡಿಯಾಗಿರಲಿಲ್ಲ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ, ತನ್ನ ತಂಬೂರಿಯನ್ನು ಮೋತಿ ಖಾನ್ ಎಂದು ಕರೆದ, 1619ರಲ್ಲಿ ಬೀದರನ್ನೂ ಗೆದ್ದುಕೊಂಡ. ಅದೇ ಶತಮಾನದಲ್ಲಿ ಅದೇ ಊರಿನ ಹಾಶ್ಮಿ ಹೆಂಗಸರ ಮಾತಿನ ಧಾಟಿಯಲ್ಲೇ ದಖನಿ ಗಜಲುಗಳನ್ನು ಕಟ್ಟಿದ. ಮುಂದೆ ಲಖನೌದಲ್ಲಿ ಇದನ್ನು ರೇಖ್ತಿ ಎಂದು ಬೆಳೆಸಿದವರಲ್ಲಿ ಮುಖ್ಯನಾದ ರಂಗೀನ್, ಸಿಪಾಯಿಯಾಗಿದ್ದವನು. ಕುದುರೆಗಳ ಬಗ್ಗೆ ಗ್ರಂಥ ಬರೆದವನು. 1857ರ ದಂಗೆಯ ಸೋಲಿನ ಬಳಿಕ ಗಾಳಿ ಬದಲಾಯಿತು. ಅಲ್ತಾಫ್ ಹುಸೇನ್ ಹಾಲಿಯ 1879ರ ‘ಮುಸದ್ದಸ್’ ಮುಸ್ಲಿಂ ಸಮುದಾಯದ ಅವನತಿಯನ್ನು ಎಣಿಸುತ್ತಾ ಅದರ ಕಾವ್ಯಕ್ಕೂ ಛೀಮಾರಿ ಹಾಕಿತು. ಅಲಿಗಢದ ಹೊಸ ಕಾಲೇಜಿನ ಹುಡುಗರು ಕ್ರಿಕೆಟ್ ಬ್ಯಾಟು ಹಿಡಿದರು. ರೇಖ್ತಿ ಮರ್ಯಾದಸ್ಥರು ಹೆಸರೆತ್ತಲು ನಾಚುವ ವಸ್ತುವಾಯಿತು.

ಹಳೆಯ ದರ್ಬಾರನ್ನು ಹೀಗೆ ಮುದ್ದಿಸಬಹುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ರೇಖ್ತಿ ಬರೆದವರು ಗಂಡಸರು, ಕೇಳಿ ನಕ್ಕವರೂ ಬಹುಪಾಲು ಗಂಡಸರೇ. ಜನಾನಾದ ಬಾಗಿಲು ಅದರಿಂದ ತೆರೆಯಲಿಲ್ಲ. ವಿಧವೆಯ ದನಿಯಲ್ಲಿ ‘ಮುನಾಜಾತ್-ಎ-ಬೇವಾ’ ಬರೆದು, ಹೆಣ್ಣುಮಕ್ಕಳ ಓದಿಗಾಗಿ ದನಿಯೆತ್ತಿದವನು ಹಾಲಿಯೇ. ಆದರೆ ಹುಡುಗಿಯರಿಗೆ ಶಾಲೆ ತೆರೆಯಲು ಹಾಡುವ ಗಂಡಸನ್ನು ಹೀಗಳೆಯಬೇಕಾದ ಅಗತ್ಯವೇನೂ ಇರಲಿಲ್ಲ.

ಇನ್ನು, ಕಾದಾಡದೆ ಮುಂಡಾಸು ಕಳಚಿ ಕಂಪನಿಯ ಜನರಲ್ ಔಟ್ರಮ್‌ನ ಕೈಗಿಟ್ಟ ವಾಜಿದ್‌ನನ್ನು ಮೃದುತನವೇ ಕೆಡಿಸಲಿಲ್ಲವೇ ಎಂಬ ಆಕ್ಷೇಪ. 1801ರ ಒಪ್ಪಂದದಲ್ಲೇ ಅವಧ್ ಅರ್ಧದಷ್ಟು ನೆಲವನ್ನು ಬಿಟ್ಟುಕೊಟ್ಟು, ರಕ್ಷಣೆಗೆ ಕಂಪನಿಯ ಪಡೆಯನ್ನೇ ನೆಚ್ಚಿಕೊಂಡಿತ್ತು. ವಾಜಿದ್ ಆಗಿನ್ನೂ ಹುಟ್ಟಿರಲಿಲ್ಲ. ಎರಡು ಯುದ್ಧಗಳಲ್ಲಿ ಎದೆಯೊಡ್ಡಿ ಹೋರಾಡಿದ ಸಿಖ್ಖರ ರಾಜ್ಯವೂ 1849ರಲ್ಲೇ ಕಂಪನಿಯ ಪಾಲಾಗಿತ್ತು. ವಾಜಿದ್‌ನ ಬೇಗಂ ಹಜರತ್ ಮಹಲ್ ಲಖನೌದಲ್ಲೇ ಉಳಿದು, ಮಗನಿಗೆ ಪಟ್ಟಕಟ್ಟಿ ದಂಗೆಯನ್ನು ಮುನ್ನಡೆಸಿದಳು, ಸೋತರೂ ಶರಣಾಗದೆ ನೇಪಾಳ ಸೇರಿದಳು. ಎಲ್ಲಕ್ಕಿಂತ ಬಲವಾದ ಸಾಕ್ಷಿ ಸೈನ್ಯದ ಭರ್ತಿಯದು. ಪಂಜಾಬನ್ನು ಗೆದ್ದ ಬಂಗಾಳ ಸೈನ್ಯದ ಸಿಪಾಯಿಗಳಲ್ಲಿ ದೊಡ್ಡ ಪಾಲು ಅವಧ್‌ನ ಹಳ್ಳಿಗಳದು. ಅವರು ತಿರುಗಿಬಿದ್ದ ಮೇಲೆ ಬ್ರಿಟಿಷರ ಕಣ್ಣಲ್ಲಿ ಸಿಖ್ಖರೂ ಗೂರ್ಖರೂ ‘ವೀರ ಜನಾಂಗ’ಗಳಾದರು, ಅವಧ್‌ನವರಿಗೆ ಭರ್ತಿಯ ಬಾಗಿಲು ಕಿರಿದಾಗುತ್ತಾ ಹೋಯಿತು.