ಹಳೆಯ ಕಾರು, ಹೊಸ ವ್ಯಾಜ್ಯ

ಮೈಸೂರಿನಿಂದ ಹೊರಟ ಹೆದ್ದಾರಿ ವರುಣಾವನ್ನು ಹಾದು ತಿರುಮಕೂಡಲು ನರಸೀಪುರವನ್ನು ಮುಟ್ಟಿ, ಅಲ್ಲಿಂದ ಕೊಳ್ಳೇಗಾಲದತ್ತ ಸಾಗುತ್ತದೆ. ಕಾವೇರಿ ಕಪಿಲೆಯರು ಕೂಡುವ ಈ ಕ್ಷೇತ್ರಕ್ಕೆ ಸೇರಿದ ತಾಲ್ಲೂಕಿನಲ್ಲಿ, ತಲಕಾಡಿನ ನೆರೆಯಲ್ಲಿರುವ ಊರು ಹೆಮ್ಮಿಗೆ. ಇಂತಹ ಊರುಗಳಿಗೆ ಒಂದು ಕಾಲದಲ್ಲಿ ಮೋಟಾರು ಕಾರು ಬಂದಿತೆಂದರೆ ಮಕ್ಕಳು ಅದರ ಹಿಂದೆ ಧೂಳಿನಲ್ಲಿ ಓಡುತ್ತಿದ್ದರು. ಇಂದು ಜಗಲಿಯ ಮುಂದೆ ಕಾರು ನಿಂತಿರುವುದು ಯಾರಿಗೂ ಸೋಜಿಗವಲ್ಲ. ಆದರೆ ಹೀಗೆ ನಿಂತ ಕಾರುಗಳೆಲ್ಲವೂ ಕಾರ್ಖಾನೆಯಿಂದ ನೇರವಾಗಿ ಬಂದವಲ್ಲ. ಇನ್ನೊಬ್ಬರು ಓಡಿಸಿ ಬಿಟ್ಟುಕೊಟ್ಟವೂ ಅವುಗಳಲ್ಲಿ ಸೇರಿವೆ.

ಇಂತಹುದೊಂದು ಸಂಸಾರವನ್ನು ಕಲ್ಪಿಸಿಕೊಂಡರೆ ವಿಷಯವು ತಿಳಿಯಾಗುತ್ತದೆ. ಯಜಮಾನರು ನಿವೃತ್ತ ಉಪಾಧ್ಯಾಯರು. ಮೂತ್ರಪಿಂಡದ ಕಾಯಿಲೆಯಿಂದ ನರಳುತ್ತಿರುವ ಪತ್ನಿಯನ್ನು ವಾರಕ್ಕೆರಡು ಸಲ ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ಪ್ರಯಾಣ ಆಕೆಗೆ ಆಗದು. ನಿವೃತ್ತಿಯಲ್ಲಿ ಬಂದ ಹಣದಿಂದ ಮೂರು ಲಕ್ಷ ರೂಪಾಯಿ ತೆಗೆದು, ನಗರದ ವ್ಯಾಪಾರಿಯೊಬ್ಬನಿಂದ ಹಳೆಯ ಕಾರೊಂದನ್ನು ಕೊಂಡರು. “ಒಬ್ಬರೇ ಓಡಿಸಿದ ಗಾಡಿ ಮೇಷ್ಟ್ರೇ, ಡಾಕ್ಟರ ಮನೆಯದು, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ” ಎಂದನು ವ್ಯಾಪಾರಿ. ಮೀಟರು ನಲವತ್ತೆರಡು ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ಮೇಷ್ಟರು ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡರು.

ಎರಡು ತಿಂಗಳಿಗೆ ಎಂಜಿನ್ನು ಕಾಯತೊಡಗಿತು. ವ್ಯಾಪಾರಿಯೇ ಹೇಳಿದ ವರ್ಕ್‌ಷಾಪಿನಲ್ಲಿ ಸರ್ವಿಸು ಮಾಡಿಸಿ ಹದಿನೆಂಟು ಸಾವಿರ ತೆತ್ತರು. ವಾರ ಕಳೆಯುವುದರೊಳಗೆ, ಆಸ್ಪತ್ರೆಯಿಂದ ಹಿಂದಿರುಗುವಾಗ ವರುಣಾದ ಬಳಿ ಕಾರು ಹೊಗೆಯುಗುಳಿ ನಿಂತಿತು. ಪತ್ನಿಯನ್ನು ಆಟೋರಿಕ್ಷಾ ಹತ್ತಿಸಿ ಊರಿಗೆ ಕಳುಹಿಸಿದ ಮೇಷ್ಟರು, ಕಾರನ್ನು ಎಳೆಸಿಕೊಂಡು ಮತ್ತೆ ವರ್ಕ್‌ಷಾಪಿನ ಬಾಗಿಲಿಗೆ ಬಂದರು. ಎಂಜಿನ್ನಿನ ತಲೆಭಾಗವೇ ಸುಟ್ಟಿದೆ, ಇನ್ನೂ ಅರುವತ್ತು ಸಾವಿರ ಬೇಕು ಎಂಬ ಉತ್ತರ ಬಂದಿತು. “ನೀರಿನ ಪೈಪನ್ನು ನೀವೇ ಸಡಿಲ ಬಿಟ್ಟಿದ್ದೀರಿ” ಎಂದರೆ, “ಹಳೇ ಗಾಡಿ ಅಲ್ಲವೇ ಮೇಷ್ಟ್ರೇ, ಇವೆಲ್ಲ ಇದ್ದದ್ದೇ” ಎಂದರು. ವ್ಯಾಪಾರಿಯನ್ನು ಕೇಳಿದರೆ, “ಮಾರಿದ ಮೇಲೆ ನನಗೇನು ಸಂಬಂಧ? ವರ್ಕ್‌ಷಾಪಿನವರನ್ನು ಕೇಳಿ” ಎಂದನು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ!

ಈ ಮೇಷ್ಟರು ಕಲ್ಪನೆಯವರಾದರೂ ಅವರ ಪಾಡು ಕಲ್ಪನೆಯದಲ್ಲ. ಹಳೆಯ ಕಾರಿನ ವ್ಯಾಜ್ಯಗಳು ಗ್ರಾಹಕ ಆಯೋಗಗಳ ಮುಂದೆ ಬರುತ್ತಲೇ ಇರುತ್ತವೆ. ಕೆಲವರು ಗೆಲ್ಲುತ್ತಾರೆ, ಕೆಲವರು ಸೋಲುತ್ತಾರೆ. ಸೋತವರದು ಯಾವಾಗಲೂ ಸುಳ್ಳು ದೂರೇನೂ ಅಲ್ಲ. ಕೈಯಲ್ಲಿ ಕಾಗದವಿಲ್ಲದೆ ಸೋತವರೂ ಉಂಟು.

ಮೇಸ್ತ್ರಿಯ ಕಿವಿ, ಕಂಪ್ಯೂಟರಿನ ಕಣ್ಣು

ಹಿಂದೆ ಈ ತೊಡಕು ಇಷ್ಟಿರಲಿಲ್ಲ. 1957ರಲ್ಲಿ ಅಂಬಾಸಡರ್ ಕಾರು ಹೊರಬಂದ ಮೇಲೆ ಅದು, ಬೊಂಬಾಯಿಯಲ್ಲಿ ತಯಾರಾದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಈ ಮೂರೇ ಬಹುಕಾಲ ಮಧ್ಯಮವರ್ಗದ ಕನಸುಗಳಾಗಿದ್ದವು. ಹೊಸ ಕಾರಿಗಾಗಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು; ಕಾಯಲಾರದವರು ಹಳೆಯದನ್ನು ಕೊಳ್ಳುತ್ತಿದ್ದರು. ಆದರೆ ಆ ಯಂತ್ರಗಳು ಸರಳವಾಗಿದ್ದವು. ಪರಿಚಯದ ಮೇಸ್ತ್ರಿ ಬಾನೆಟ್ಟಿಗೆ ಕಿವಿಗೊಟ್ಟು ರೋಗವನ್ನು ಹೇಳಿಬಿಡುತ್ತಿದ್ದನು. ಕೆಲಸ ಕೆಟ್ಟರೆ ಮರುದಿನ ಅವನನ್ನು ಹಿಡಿದು ಕೇಳಬಹುದಾಗಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ ಕಾರು ರಸ್ತೆಗಿಳಿದ ಮೇಲೆ ಕಾಲವು ಬದಲಾಯಿತು. ಇಂದಿನ ಕಾರಿನಲ್ಲಿ ಇಂಧನವನ್ನು ಅಳೆದು ಬಿಡುವುದೂ ಕಂಪ್ಯೂಟರೇ, ದೋಷವನ್ನು ಹೇಳುವುದೂ ಕಂಪ್ಯೂಟರೇ. ಆ ದೋಷವನ್ನು ಓದುವ ಉಪಕರಣ ಅನೇಕ ವೇಳೆ ಕಂಪೆನಿಯ ಅಧಿಕೃತ ವರ್ಕ್‌ಷಾಪಿನಲ್ಲಿ ಮಾತ್ರ ದೊರೆಯುತ್ತದೆ. ಬಿಡಿಭಾಗಗಳನ್ನೂ ಉಪಕರಣಗಳನ್ನೂ ಹೊರಗಿನ ಮೇಸ್ತ್ರಿಗಳಿಗೆ ಸಿಗದಂತೆ ಕಂಪೆನಿಗಳು ತಡೆದಿವೆಯೆಂದು ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ತೀರ್ಮಾನಿಸಿ, 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡವನ್ನು ವಿಧಿಸಿತು. ಆ ಆದೇಶ ಮೇಲ್ಮನವಿಯ ದಾರಿಯನ್ನು ಹಿಡಿಯಿತಾದರೂ, ಕೊಂಡವನು ತನ್ನ ಕಾರಿನ ದುರಸ್ತಿಗೆ ಒಂದೇ ಬಾಗಿಲನ್ನು ಕಾಯುವಂತಾಗಬಾರದೆಂಬ ತತ್ತ್ವವು ಅದರಿಂದ ಬೆಳಕಿಗೆ ಬಂದಿತು.

ಹಳೆಯ ಕಾರಿನಲ್ಲಿ ಇನ್ನೊಂದು ಮೋಸವೂ ಅಡಗಿರಬಹುದು. ಅದು ಮೀಟರನ್ನು ಹಿಂದಕ್ಕೆ ತಿರುಗಿಸುವುದು. ಇದರಿಂದ ಕೇವಲ ಬೆಲೆಯಲ್ಲಿ ಮಾತ್ರ ನಷ್ಟವೆಂದು ತಿಳಿಯಬಾರದು. ಎಣ್ಣೆ ಬದಲಾವಣೆ, ಬ್ರೇಕು, ಟೈಮಿಂಗ್ ಬೆಲ್ಟು ಇವೆಲ್ಲದರ ಲೆಕ್ಕ ಓಡಿದ ದೂರ ಮತ್ತು ಕಳೆದ ಕಾಲದ ಮೇಲೆ ನಿಂತಿದೆ. ಅನೇಕ ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟು ರಬ್ಬರಿನದು. ಅದು ಓಡುವಾಗ ಕಡಿದರೆ ಎಂಜಿನ್ನಿನ ಒಳಭಾಗಗಳೇ ಒಂದಕ್ಕೊಂದು ಬಡಿದು ಮುರಿಯಬಹುದು. ಲಕ್ಷ ಕಿಲೋಮೀಟರು ಓಡಿದ ಬೆಲ್ಟನ್ನು ಮೀಟರು ನಲವತ್ತು ಸಾವಿರವೆಂದು ತೋರಿಸಿದರೆ, ಎಷ್ಟು ಪ್ರಾಮಾಣಿಕನಾದ ಮೇಸ್ತ್ರಿಯೂ ಅದನ್ನು ಮುಟ್ಟದೆ ಬಿಡುತ್ತಾನೆ. ಸುಳ್ಳು ಮಾರಾಟಗಾರನದು, ಅಪವಾದ ಮಾತ್ರ ಸರ್ವಿಸಿನವನ ಮೇಲೆ! ಆದುದರಿಂದಲೇ ಅಧಿಕೃತ ವರ್ಕ್‌ಷಾಪಿನಲ್ಲಿರುವ ಹಿಂದಿನ ಸರ್ವಿಸುಗಳ ದಾಖಲೆಯನ್ನು ಹಣ ಕೊಡುವ ಮೊದಲೇ ಕೇಳಿ ನೋಡುವುದು ಜಾಣತನ.

ಕಾಯಿದೆಯ ಮಾತು

ಕೊಳ್ಳುವವನು ತಾನೇ ನೋಡಿ ಕೊಳ್ಳಬೇಕೆಂಬುದು 1930ರ ಸರಕು ಮಾರಾಟ ಕಾಯಿದೆಯ ಸಾಮಾನ್ಯ ನಿಯಮ. ಆದರೆ ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅಂತಹ ಸರಕಿನ ವ್ಯಾಪಾರವನ್ನೇ ಮಾಡುವವನ ಪರಿಣತಿಯನ್ನು ನಂಬಿ ಕೊಂಡಾಗ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಅಪವಾದವೂ ಅದೇ ಕಾಯಿದೆಯಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಇನ್ನೂ ಮುಂದೆ ಹೋಗುತ್ತದೆ. ಸರಕಿನ ಗುಣಮಟ್ಟದ ಬಗೆಗೆ ಸುಳ್ಳು ಹೇಳುವುದು, ಹಳೆಯದನ್ನು ಅಥವಾ ದುರಸ್ತಿಯಾದುದನ್ನು ಹೊಸದೆಂದು ಬಿಂಬಿಸುವುದು, ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದು, ಇವೆಲ್ಲ ಅನುಚಿತ ವ್ಯಾಪಾರವೆನಿಸುತ್ತವೆ. ಕಾರು ಹಳೆಯದಾದ ಮಾತ್ರಕ್ಕೆ ಅದನ್ನು ಕುರಿತ ಮಾತು ಸುಳ್ಳಾಗಬೇಕೆಂದೇನೂ ಇಲ್ಲ.

ಹಳೆಯ ಕಾರಿನ ವ್ಯಾಪಾರಿಗಳನ್ನೂ ಸರ್ಕಾರವು ನಿಯಮದ ಚೌಕಟ್ಟಿನೊಳಗೆ ತಂದಿದೆ. 2022ರ ಡಿಸೆಂಬರ್ 22ರ ಅಧಿಸೂಚನೆಯಿಂದ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ. ಇದರಂತೆ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕು. ಮಾಲೀಕನು ಕಾರನ್ನು ಒಪ್ಪಿಸಿದ ವಿಷಯವನ್ನು ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ, ಅದು ಮಾರಾಟವಾಗುವ ತನಕ ವ್ಯಾಪಾರಿಯೇ ಅದರ ಮಾಲೀಕನೆಂದು ಪರಿಗಣಿಸಲ್ಪಡುತ್ತಾನೆ. ವಾಹನವನ್ನು ಯಾವ ಉದ್ದೇಶಕ್ಕೆ ಎಷ್ಟು ದೂರ ಓಡಿಸಿದನೆಂಬುದನ್ನೂ ಬರೆದಿಡಬೇಕು. ಮೇಷ್ಟರಂತಹವರು ಮೊದಲು ಕೇಳಬೇಕಾದುದು ಕಾರಿನ ಬಣ್ಣವನ್ನಲ್ಲ, ಈ ಅಧಿಕಾರಪತ್ರವನ್ನು.

ಸರ್ವಿಸಿನ ವಿಷಯಕ್ಕೆ ಬಂದರೆ, 1872ರ ಕರಾರು ಕಾಯಿದೆಯು ಇಂದಿಗೂ ಸೊಗಸಾದ ದಾರಿದೀಪ. ಕಾರನ್ನು ವರ್ಕ್‌ಷಾಪಿಗೆ ಒಪ್ಪಿಸಿದಾಗ ಅದು ಅವರ ವಶಕ್ಕೆ ಕೊಟ್ಟ ಒಡವೆಯಂತೆ. ವಿವೇಕವುಳ್ಳ ಸಾಮಾನ್ಯ ಮನುಷ್ಯನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅವರು ಅದನ್ನು ನೋಡಿಕೊಳ್ಳಬೇಕು. “ಹಣ ಕೊಡುವ ತನಕ ಕಾರು ಬಿಡೆವು” ಎಂದು ಅವರು ಹೇಳಬಹುದೆ? ಹೇಳಬಹುದು, ಆದರೆ ಅದಕ್ಕೊಂದು ಮೇರೆಯಿದೆ. ಬೇರೆ ಕರಾರಿಲ್ಲದಿದ್ದಲ್ಲಿ, ಆ ಕಾರಿನ ಮೇಲೆ ಒಪ್ಪಂದದಂತೆ ಮಾಡಿ ಮುಗಿಸಿದ ಕೆಲಸದ ಕೂಲಿಗಾಗಿ ಮಾತ್ರ ಅದನ್ನು ತಡೆದಿಡುವ ಹಕ್ಕು ಅವರದು. ಹಿಂದಿನ ಇನ್ನಾವುದೋ ಬಾಕಿಗಾಗಿ ತಡೆದಿಡುವ ವ್ಯಾಪಕವಾದ ಹಕ್ಕನ್ನು ಕಾಯಿದೆಯು ಬ್ಯಾಂಕಿನವರು, ವಕೀಲರು ಮೊದಲಾದ ಕೆಲವರಿಗೆ ಕೊಟ್ಟಿದೆಯೇ ಹೊರತು ಮೋಟಾರು ಮೇಸ್ತ್ರಿಗಳಿಗೆ ಕೊಟ್ಟಿಲ್ಲ. ಬಿಲ್ಲಿನ ಬಗೆಗೆ ತಕರಾರಿದ್ದು ಕಾರು ತುರ್ತಾಗಿ ಬೇಕಾದಲ್ಲಿ, “ಆಕ್ಷೇಪಣೆಯೊಡನೆ ಪಾವತಿ ಮಾಡಿದೆ” ಎಂದು ಬರೆದು ಹಣ ತೆತ್ತು ಕಾರನ್ನು ಬಿಡಿಸಿಕೊಳ್ಳುವುದು ಮೇಲು.

ಸರ್ವೋಚ್ಚ ನ್ಯಾಯಾಲಯದಲ್ಲಿ

ಕಾರುಗಳ ವ್ಯಾಜ್ಯ ದೆಹಲಿಯ ತನಕವೂ ಹೋಗಿದೆ. 2006ರಲ್ಲಿ ಮಾರುತಿ ಕಾರೊಂದರ ಮೊಕದ್ದಮೆಯಲ್ಲಿ, ಬದಲಾಯಿಸಬಹುದಾದ ಭಾಗವೊಂದು ಕೆಟ್ಟಿದ್ದರೆ ಆ ಭಾಗವನ್ನು ಬದಲಾಯಿಸಿಕೊಡಬೇಕೇ ಹೊರತು ಇಡೀ ಕಾರನ್ನೇ ಬದಲಾಯಿಸಿಕೊಡುವಂತೆ ಹೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು ವಾರಂಟಿಯ ಷರತ್ತನ್ನು ಓದಿ ಹೇಳಿತು. 2010ರಲ್ಲಿ ಫಿಯೆಟ್ ಕಾರೊಂದರ ವಿಷಯದಲ್ಲಿ, ತಯಾರಿಕೆಯಲ್ಲಿಯೇ ದೋಷವಿದೆಯೆ ಎಂಬುದನ್ನು ಸ್ವತಂತ್ರ ತಜ್ಞನಿಂದ ಪರೀಕ್ಷಿಸಿ ಅದರಂತೆ ನಡೆಯುವ ಮಾರ್ಗವನ್ನು ತೋರಿಸಿತು. ಕೋಪವು ಎಷ್ಟೇ ನ್ಯಾಯವಾದುದಾಗಿರಲಿ, ಕೇಳಿಕೆ ಅಳತೆ ಮೀರಿದರೆ ನಿಲ್ಲದು. ತಜ್ಞನ ವರದಿಯಿಲ್ಲದ ದೂರು ಬಲಹೀನ ಎಂಬ ಎರಡು ಪಾಠಗಳು ಇವುಗಳಲ್ಲಿವೆ.

ಮೂರನೆಯ ಪಾಠ ಗೋವೆಯಿಂದ ಬಂದಿತು. 2011ರಲ್ಲಿ ಹೊಸ ಕಾರಿನ ಹಣ ಕೊಟ್ಟವರೊಬ್ಬರಿಗೆ ಡೀಲರನು ನೀಡಹೊರಟಿದ್ದು 2009ರಲ್ಲಿ ತಯಾರಾಗಿ, ಆಗಲೇ 622 ಕಿಲೋಮೀಟರು ಓಡಿದ್ದ ಟಾಟಾ ಕಾರು. 2021ರ ಫೆಬ್ರವರಿ 18ರಂದು ಸರ್ವೋಚ್ಚ ನ್ಯಾಯಾಲಯವು, ಡೀಲರನ ಈ ಕೃತ್ಯವು ತಯಾರಕನಿಗೆ ತಿಳಿದಿತ್ತೆಂದು ತೋರಿಸದೆ ತಯಾರಕನನ್ನು ಹೊಣೆಮಾಡಲಾಗದೆಂದು ಹೇಳಿತು. ಡೀಲರನ ಹೊಣೆ ಮಾತ್ರ ಹಾಗೆಯೇ ಉಳಿಯಿತು. ಎಂದರೆ, ದೊಡ್ಡ ಕಂಪೆನಿಯ ಹೆಸರನ್ನು ಬರೆದರೆ ಸಾಲದು. ತಪ್ಪು ಯಾರದೆಂಬುದನ್ನು ಬೇರೆ ಬೇರೆಯಾಗಿ ತೋರಿಸಬೇಕು. ಮಾರಿದವನು ಹೇಳಿದ ಸುಳ್ಳು ಬೇರೆ, ಸರ್ವಿಸಿನವನು ಸಡಿಲ ಬಿಟ್ಟ ಪೈಪು ಬೇರೆ.

ಮೈಸೂರಿನಲ್ಲೇ ಬಾಗಿಲು

ಹೆಮ್ಮಿಗೆಯವರಿಗೆ ಸಮಾಧಾನ ತರುವ ಬದಲಾವಣೆಯೊಂದಿದೆ. 1986ರ ಹಳೆಯ ಕಾಯಿದೆಯಂತೆ, ಎದುರು ಪಕ್ಷದವರಿರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಿ ದೂರು ಕೊಡಬೇಕಾಗಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನರಸೀಪುರ, ನಂಜನಗೂಡುಗಳವರು ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆಹೋಗಬಹುದು. ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರಿಲ್ಲದೆ ತಾವೇ ವಾದಿಸಲೂ ಬಹುದು. ಆದರೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ದೂರಿಗೆ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿದರೆ, ಕೆಲವು ವೇಳೆ ಅಲ್ಲಿಯೇ ರಾಜಿಯಾಗುವುದುಂಟು.

ಎರಡು ಮಿತಿಗಳನ್ನು ಮರೆಯಲಾಗದು. ನೆರೆಮನೆಯವರಿಂದ ಖಾಸಗಿಯಾಗಿ ಕೊಂಡ ಕಾರಿನ ಜಗಳಕ್ಕೆ ಸಿವಿಲ್ ನ್ಯಾಯಾಲಯವೇ ಸಾಮಾನ್ಯವಾದ ದಾರಿ. ವಾಣಿಜ್ಯಕ್ಕೆಂದು ಕೊಂಡವನೂ ಗ್ರಾಹಕನೆನಿಸುವುದಿಲ್ಲ. ಆದರೆ ನಂಜನಗೂಡಿನ ಯಾತ್ರಿಕರನ್ನು ಕರೆದೊಯ್ಯಲು ಹೊಟ್ಟೆಪಾಡಿಗಾಗಿ ತಾನೇ ಟ್ಯಾಕ್ಸಿ ಓಡಿಸುವವನಿಗೆ ಕಾಯಿದೆಯ ರಕ್ಷಣೆಯುಂಟು.

ಒಂದು ಹಾಳೆಯ ಬೆಲೆ

ಮತ್ತೆ ಮೇಷ್ಟರ ಕಡೆಗೆ ತಿರುಗೋಣ. ಅವರು ಗೆಲ್ಲುವರೆ? ಅದು ಅವರ ಕಪಾಟಿನಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ. “ಡಾಕ್ಟರ ಮನೆಯ ಗಾಡಿ” ಎಂಬ ಮಾತನ್ನು ವ್ಯಾಪಾರಿಯಿಂದ ಬರೆಸಿಕೊಂಡಿದ್ದರೆ, ಅಥವಾ ಅವನು ಕಳುಹಿಸಿದ ಸಂದೇಶ ಫೋನಿನಲ್ಲಿ ಉಳಿದಿದ್ದರೆ, ಅದು ಸಾಕ್ಷಿ. ಕಾರನ್ನು ಬಿಟ್ಟ ದಿನ ಜಾಬ್ ಕಾರ್ಡಿನಲ್ಲಿ “ಎಂಜಿನ್ನು ಕಾಯುತ್ತದೆ” ಎಂದು ತಮ್ಮ ಮಾತಿನಲ್ಲೇ ಬರೆಸಿ, ಮೀಟರಿನ ಅಂಕಿಯನ್ನು ನಮೂದಿಸಿ, ಸಹಿಯಾದ ಪ್ರತಿಯನ್ನು ಪಡೆದಿದ್ದರೆ, ಅದು ಸಾಕ್ಷಿ. ಬಿಲ್ಲಿನಲ್ಲಿ ಭಾಗಗಳ ಬೆಲೆ, ಕೂಲಿ ಬೇರೆಬೇರೆಯಾಗಿದ್ದರೆ, ತೆಗೆದುಹಾಕಿದ ಹಳೆಯ ಭಾಗಗಳನ್ನು ಕೇಳಿ ಪಡೆದು ಚೀಲದಲ್ಲಿ ಕಟ್ಟಿಟ್ಟಿದ್ದರೆ, ಎರಡನೆಯ ಸಲ ಎಂಜಿನ್ನು ಬಿಚ್ಚುವ ಮೊದಲೇ ಬೇರೊಬ್ಬ ತಜ್ಞನಿಂದ ಪರೀಕ್ಷೆ ಮಾಡಿಸಿ ಬರಹದಲ್ಲಿ ಅಭಿಪ್ರಾಯ ಪಡೆದಿದ್ದರೆ, ಪೈಪು ಸಡಿಲವಾಗಿತ್ತೋ ಕಾರಿಗೆ ಮುಪ್ಪಡರಿತ್ತೋ ಎಂಬುದಕ್ಕೆ ಉತ್ತರ ಸಿಗುತ್ತದೆ. ಎಂಜಿನ್ನು ಒಮ್ಮೆ ಬಿಚ್ಚಿ ಕೂಡಿಸಿದ ಮೇಲೆ ಸತ್ಯವೂ ಅದರೊಡನೆ ಹೋಗುತ್ತದೆ.

ಪ್ರಾಮಾಣಿಕರಾದ ವ್ಯಾಪಾರಿಗಳೂ ಮೇಸ್ತ್ರಿಗಳೂ ಇಲ್ಲವೆಂದಲ್ಲ. ಅವರಿಗೂ ಈ ಕಾಗದಗಳೇ ರಕ್ಷೆ. ಮುಪ್ಪಿನಿಂದ ಕೆಟ್ಟ ಎಂಜಿನ್ನಿನ ಅಪವಾದ ಅವರ ತಲೆಗೆ ಬಾರದಂತೆ ತಡೆಯುವುದೂ ಅದೇ ಜಾಬ್ ಕಾರ್ಡು. ಮೊದಲ ದಿನ ಕಾಗದ ಕೇಳಿದರೆ ಅಪನಂಬಿಕೆಯೆಂದು ಬೇಸರಪಡುವ ವ್ಯಾಪಾರಿಯ ಬಾಗಿಲಿನಿಂದ ಹಿಂದಿರುಗಿ ಬರುವುದೇ ಲೇಸು.

ಮೇಷ್ಟರು ವಾರಕ್ಕೆರಡು ಸಲ ಮೈಸೂರಿಗೆ ಹೋಗಲೇಬೇಕು. ಕಾರು ನಿಂತಿತೆಂದು ಪತ್ನಿಯ ಚಿಕಿತ್ಸೆ ನಿಲ್ಲುವಂತಿಲ್ಲ. ಬಾಡಿಗೆಯ ಟ್ಯಾಕ್ಸಿಯ ರಸೀತಿಗಳನ್ನಾದರೂ ಅವರು ಇಂದಿನಿಂದ ಒಂದೊಂದಾಗಿ ಎತ್ತಿಡಲಿ. ನಾಳೆ ಆಯೋಗದ ಮುಂದೆ ನಷ್ಟದ ಲೆಕ್ಕ ಹೇಳುವಾಗ, ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ಆ ಕೈಗೆ ಅವೇ ಊರುಗೋಲಾಗುತ್ತವೆ.