ಕೂಡಿ ಕಲಿತರೆ ರೋಗಿಗೆ ಲಾಭ: ಜಂಟಿ ಕಲಿಕಾ ಯೋಜನೆಗೆ ನೆರವು ಏಕೆ?





ಈ ವರ್ಷದ ಅರ್ಜಿ ನಮೂನೆಯಲ್ಲಿ ‘ಜಂಟಿ ಕಲಿಕಾ ಯೋಜನೆ’ ಎಂಬ ಹೊಸ ಕಲಮು ಸೇರಿದೆ. ಇದೇನೆಂದು ಹಲವರು ಕೇಳಿದ್ದಾರೆ. ಮಕ್ಕಳ ಫೀಸಿಗೆಂದು ಕೊಟ್ಟ ಹಣ ಬೇರೆ ಕಡೆ ಹೋಗುತ್ತಿದೆಯೇ ಎಂದೂ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಕೊಡುವುದು ನಮ್ಮ ಹೊಣೆ.

ನಮ್ಮ ಕಣ್ಣೆದುರಿನ ಒಂದು ಘಟನೆ

ನಮ್ಮ ಭಾಗದ ಒಬ್ಬ ಅಜ್ಜಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಒಂದು ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟಿದ್ದರು. ಕಾಲಿನ ಗಾಯಕ್ಕೆಂದು ಇನ್ನೊಂದು ಕಡೆ ಹೋದಾಗ ಅಲ್ಲಿಯೂ ಸಕ್ಕರೆಗೆ ಮಾತ್ರೆ ಬರೆದರು. ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಅಜ್ಜಿ ಎರಡನ್ನೂ ನುಂಗುತ್ತಿದ್ದರು. ರಂಜಾನ್ ಬಂತು. ವೈದ್ಯರು ಬೇಡ ಎಂದಾರೆಂಬ ಭಯಕ್ಕೆ ರೋಜಾ ಇಟ್ಟದ್ದನ್ನು ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಮೈ ಬೆವತು, ಮಾತು ತೊದಲಿ, ಕುಸಿದು ಬಿದ್ದರು. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಅಲ್ಲಾಹನ ಕೃಪೆಯಿಂದ ಉಳಿದರು.

ಇಲ್ಲಿ ಯಾರೂ ಕೆಲಸಗಳ್ಳರಲ್ಲ. ವೈದ್ಯರು ಪರೀಕ್ಷಿಸಿದ್ದರು, ಔಷಧಿ ಅಂಗಡಿಯವರು ಚೀಟಿಯಂತೆ ಕೊಟ್ಟಿದ್ದರು, ನರ್ಸ್ ಗಾಯ ಕಟ್ಟಿದ್ದರು. ಆದರೆ ಎರಡೂ ಚೀಟಿಗಳನ್ನು ಫಾರ್ಮಸಿ ಓದಿದ ಒಬ್ಬರು ಒಟ್ಟಿಗೆ ನೋಡಿದ್ದರೆ ಅಲ್ಲೇ ಹಿಡಿಯುತ್ತಿದ್ದರು. ಗಾಯ ಕಟ್ಟುವಾಗ ನರ್ಸ್ ರೋಜಾ ವಿಷಯ ಕೇಳಿದ್ದರೆ ಅಜ್ಜಿ ಹೇಳುತ್ತಿದ್ದರೇನೋ. ವೈದ್ಯರಿಗೆ ತಿಳಿದಿದ್ದರೆ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸುತ್ತಿದ್ದರು, ಇಲ್ಲವೇ ರೋಗಿಗೆ ರೋಜಾದಿಂದ ವಿನಾಯಿತಿ ಇದೆ ಎಂದು ನೆನಪಿಸುತ್ತಿದ್ದರು. ಪ್ರತಿಯೊಬ್ಬರಿಗೂ ಒಂದೊಂದು ತುಂಡು ಗೊತ್ತಿತ್ತು. ತುಂಡುಗಳನ್ನು ಜೋಡಿಸುವವರು ಇರಲಿಲ್ಲ.

ಜಂಟಿ ಕಲಿಕೆ ಎಂದರೇನು?

ಇದಕ್ಕೆ ‘ಇಂಟರ್‌ಪ್ರೊಫೆಷನಲ್ ಎಜುಕೇಶನ್’ ಎನ್ನುತ್ತಾರೆ. ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಜೊತೆಯಾಗಿ, ಒಬ್ಬರಿಂದ ಒಬ್ಬರು, ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಕಲಿಯುವುದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದಕ್ಕೊಂದು ಮಾರ್ಗಸೂಚಿ ಹೊರಡಿಸಿತು. ಒಂದೇ ಕೊಠಡಿಯಲ್ಲಿ ಕೂತು ಒಂದೇ ಭಾಷಣ ಕೇಳಿದರೆ ಅದು ಜಂಟಿ ಕಲಿಕೆಯಲ್ಲ. ಒಂದೇ ರೋಗಿಯ, ಒಂದೇ ಮನೆಯ ಸಮಸ್ಯೆಯನ್ನು ಎಲ್ಲರೂ ಕೂಡಿ ಬಿಡಿಸಬೇಕು.

ನಮ್ಮ ನಾಡಿಗೆ ಇದು ತೀರ ಹೊಸದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಸ್ಥಾಪನೆಯಾಯಿತು. ಮನೋವೈದ್ಯರು, ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್‌ಗಳು ಅಲ್ಲಿ ಒಂದೇ ಆವರಣದಲ್ಲಿ ತರಬೇತಾಗುತ್ತಾರೆ. 1980ರ ದಶಕದಲ್ಲಿ ಆ ಸಂಸ್ಥೆ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗದ ಆಧಾರದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮಣಿಪಾಲದಲ್ಲಿ ಆರೋಗ್ಯ ಕಾಲೇಜುಗಳ ಅಧ್ಯಾಪಕರಿಗೆ ಜಂಟಿ ಕಲಿಕೆ ನಡೆಸುವುದನ್ನು ಕಲಿಸುವ ಫೆಲೋಶಿಪ್ ಕೂಡ ನಡೆದಿದೆ.

ಹಾಗಾದರೆ ತೊಡಕು ಎಲ್ಲಿ?

ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಕಾಲೇಜುಗಳು ಬಹುಪಾಲು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಸಮಾಜ ಕಾರ್ಯ, ಅಂದರೆ ಎಂ.ಎಸ್.ಡಬ್ಲ್ಯೂ., ದಾವಣಗೆರೆಯಂಥ ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿದೆ. ಪಠ್ಯ ಬೇರೆ, ವೇಳಾಪಟ್ಟಿ ಬೇರೆ, ಪರೀಕ್ಷೆ ಬೇರೆ.

ಇವರೆಲ್ಲ ಹಳ್ಳಿಗೆ ಬರುವುದಿಲ್ಲವೆಂದಲ್ಲ. ಈಗಿನ ಎಂ.ಬಿ.ಬಿ.ಎಸ್. ಪಠ್ಯದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಗಮನಿಸುವ ನಿಯಮವಿದೆ. ನರ್ಸಿಂಗ್ ಮಕ್ಕಳಿಗೆ ಸಮುದಾಯ ಆರೋಗ್ಯದ ಪೋಸ್ಟಿಂಗ್ ಇದೆ. ಎಂ.ಎಸ್.ಡಬ್ಲ್ಯೂ.ಗೆ ಕ್ಷೇತ್ರಕಾರ್ಯ ಕಡ್ಡಾಯ. ಒಂದೇ ಬಾಗಿಲನ್ನು ಮೂವರು ಮೂರು ದಿನ ತಟ್ಟಿ, ಅವೇ ಪ್ರಶ್ನೆ ಕೇಳಿ, ಮೂರು ರೆಕಾರ್ಡ್ ಪುಸ್ತಕ ಬರೆದು ಹೋಗುವುದೂ ಉಂಟು. ಮೂವರನ್ನು ಒಂದೇ ದಿನ ಒಂದೇ ಮನೆಯ ಜಗಲಿಯ ಮೇಲೆ ಕೂರಿಸಲು ದೊಡ್ಡ ಹಣ ಬೇಡ. ಬಸ್ ಚಾರ್ಜು, ಊಟ, ಒಂದಿಷ್ಟು ಪರೀಕ್ಷಾ ಸಾಮಗ್ರಿ, ಮೇಲ್ವಿಚಾರಣೆಗೆ ಬರುವ ಅಧ್ಯಾಪಕರಿಗೆ ಗೌರವಧನ ಇಷ್ಟೇ. ಯಾವ ಕಾಲೇಜಿನ ಬಜೆಟ್ಟಿನಲ್ಲೂ ಇದಕ್ಕೆಂದು ಕಲಮು ಇರುವುದು ಅಪರೂಪ. ಆ ಕೊರತೆಯನ್ನು ತುಂಬುವುದೇ ನಮ್ಮ ಉದ್ದೇಶ.

ನಮ್ಮ ಊರಿಗೆ ಒಪ್ಪುವ ವಿಷಯ

ದೊಡ್ಡಉಳ್ಳಾರ್ತಿಯಂಥ ಊರಿನಲ್ಲಿ ವಿಷಯಕ್ಕೆ ಬರವಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ತೊಂದರೆ ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದು ಮೀರಿ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ದೊಡ್ಡವರ ಸೊಂಟ ಮೊಣಕಾಲು ಬಿಗಿತ. ದಂತ ವಿದ್ಯಾರ್ಥಿ ಹಲ್ಲು ನೋಡುತ್ತಾನೆ. ಫಿಸಿಯೋಥೆರಪಿ ವಿದ್ಯಾರ್ಥಿನಿ ಮಂಡಿ ನೋಡುತ್ತಾಳೆ. ಲ್ಯಾಬ್ ಓದುವವರು ನೀರು ಪರೀಕ್ಷಿಸುತ್ತಾರೆ. ಶುದ್ಧ ನೀರಿನ ಘಟಕ ಊರಲ್ಲಿದ್ದರೂ ಈ ಮನೆಯವರು ಏಕೆ ಕ್ಯಾನ್ ತುಂಬುತ್ತಿಲ್ಲ, ಹೊತ್ತು ತರುವವರಿಲ್ಲವೇ, ರುಚಿ ಹಿಡಿಸಲಿಲ್ಲವೇ ಎಂಬುದನ್ನು ಸಮಾಜ ಕಾರ್ಯದ ವಿದ್ಯಾರ್ಥಿ ಕೇಳಿ ತಿಳಿಯಬೇಕು. ನಾಲ್ವರ ಟಿಪ್ಪಣಿ ಒಂದೆಡೆ ಸೇರಿದಾಗ ಗ್ರಾಮ ಪಂಚಾಯಿತಿಯ ಮುಂದಿಡಲು ಒಂದು ಗಟ್ಟಿ ಮಾತು ಸಿಗುತ್ತದೆ.

ಹಣ ಯಾವ ಲೆಕ್ಕದಿಂದ?

ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಸೂರಾ ತೌಬಾದ 60ನೇ ಆಯತ್ ಜಕಾತಿಗೆ ಎಂಟು ಬಗೆಯ ಹಕ್ಕುದಾರರನ್ನು ಗೊತ್ತುಮಾಡಿದೆ. ಹನಫಿ ಮಝ್‌ಹಬ್ ಪ್ರಕಾರ ಆ ಹಣ ಹಕ್ಕುದಾರನ ಸ್ವಂತ ಸ್ವತ್ತಾಗಬೇಕು. ಆದ್ದರಿಂದ ಜಕಾತ್ ಹಣ ಮೊದಲಿನಂತೆ ಅರ್ಹ ಬಡ ವಿದ್ಯಾರ್ಥಿಯ ಕೈಗೇ ಹೋಗುತ್ತದೆ. ಅದರಿಂದ ಒಂದು ರೂಪಾಯಿಯೂ ಯೋಜನೆಗಿಲ್ಲ. ಜಂಟಿ ಯೋಜನೆಯ ಖರ್ಚು ಸದಖಾ ಮತ್ತು ಸಾಮಾನ್ಯ ದೇಣಿಗೆಯಿಂದ ಮಾತ್ರ. ದಾನಿಗಳು ರಸೀದಿಯಲ್ಲಿ ತಮ್ಮ ನಿಯ್ಯತ್ ಬರೆಸಿದರೆ ಲೆಕ್ಕ ಬೇರೆ ಇಡಲು ನಮಗೆ ಅನುಕೂಲ.

ಅರ್ಜಿದಾರರ ಗಮನಕ್ಕೆ

1. ಕನಿಷ್ಠ ಮೂರು ಬೇರೆ ಬೇರೆ ಕೋರ್ಸಿನ ವಿದ್ಯಾರ್ಥಿಗಳು ಒಂದು ತಂಡವಾಗಿ ಅರ್ಜಿ ಹಾಕಬೇಕು. ಜಾತಿ ಮತದ ಕಟ್ಟಿಲ್ಲ.
2. ಎರಡು ಕಾಲೇಜುಗಳ ಅಧ್ಯಾಪಕರ ಒಪ್ಪಿಗೆ ಪತ್ರ ಬೇಕು. ವಿದ್ಯಾರ್ಥಿಗಳು ತಾವಾಗಿಯೇ ಔಷಧಿ ಹೇಳುವಂತಿಲ್ಲ, ಬದಲಿಸುವಂತಿಲ್ಲ.
3. ಮನೆಯವರ ಒಪ್ಪಿಗೆಯಿಲ್ಲದೆ ಒಳಗೆ ಹೋಗಬಾರದು. ವರದಿಯಲ್ಲಿ ರೋಗಿಯ ಹೆಸರು, ಫೋಟೋ ಬೇಡ.
4. ಕೊನೆಯಲ್ಲಿ ಎರಡು ಪುಟದ ವರದಿ ಸಾಕು. ಒಂದರಲ್ಲಿ ಖರ್ಚಿನ ಲೆಕ್ಕ, ಇನ್ನೊಂದರಲ್ಲಿ ಬೇರೆ ಕೋರ್ಸಿನವರಿಂದ ತಾನು ಕಲಿತದ್ದೇನು ಎಂಬ ಉತ್ತರ.
5. ಯೋಜನೆಗೆ ಸೇರದಿದ್ದರೆ ವೈಯಕ್ತಿಕ ವಿದ್ಯಾರ್ಥಿವೇತನಕ್ಕೆ ಯಾವ ಅಡ್ಡಿಯೂ ಇಲ್ಲ.

ತಂದೆ ತಾಯಂದಿರಿಗೆ ಒಂದು ಮಾತು. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲವೆಂದು ಮಕ್ಕಳನ್ನು ಕುಗ್ಗಿಸಬೇಡಿ. 2021ರ ರಾಷ್ಟ್ರೀಯ ಕಾಯ್ದೆಯೊಂದು ಲ್ಯಾಬ್ ತಂತ್ರಜ್ಞರು, ಫಿಸಿಯೋಥೆರಪಿಸ್ಟರು, ಪಥ್ಯಾಹಾರ ತಜ್ಞರು, ವೈದ್ಯಕೀಯ ಸಮಾಜ ಕಾರ್ಯಕರ್ತರು ಮೊದಲಾದವರ ವೃತ್ತಿಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಆ ಅಜ್ಜಿ ಕುಸಿದು ಬಿದ್ದ ದಿನ ಕೊರತೆಯಾದದ್ದು ದೊಡ್ಡ ಡಾಕ್ಟರರಲ್ಲ. ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಒಬ್ಬರು. ನಿಮ್ಮ ಮಗಳೋ ಮಗನೋ ಆ ಒಬ್ಬರಾಗಬಹುದು, ಇನ್ಶಾ ಅಲ್ಲಾಹ್.