ಮೊದಲ ವಾಚು: ಚಿತ್ರ ನೋಡಿ ಮರುಳಾಗಬೇಡಿ, ಅಳತೆ ನೋಡಿ

ಬೇಸಿಗೆ ರಜೆ ಮುಗಿದು ಕಾಲೇಜುಗಳು ತೆರೆದ ವಾರ. ಕೋಗಿಲಿನ ನಮ್ಮ ಮನೆಗೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾತನ ಜೊತೆ ಬಂದಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ಆಗಷ್ಟೇ ಪಿಯುಸಿಗೆ ಸೇರಿದ್ದಳು. ಕೈಯಲ್ಲಿ ಒಂದು ಸಣ್ಣ ರಟ್ಟಿನ ಪೆಟ್ಟಿಗೆ. ಅದರೊಳಗೆ ಅವಳ ಬಾಳಿನ ಮೊದಲ ಕೈಗಡಿಯಾರ. ಆದರೆ ಮುಖದಲ್ಲಿ ಸಂಭ್ರಮವಿರಲಿಲ್ಲ.

ತಾತ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಗಳ ಮೊದಲ ವಾಚು ತಾವು ಕೆಲಸ ಮಾಡಿದ ಕಂಪನಿಯದೇ ಆಗಿರಬೇಕೆಂಬುದು ಅವರ ಆಸೆ. ಪಿಂಚಣಿ ಹಣದಲ್ಲಿ ಉಳಿಸಿ 1,400 ರೂಪಾಯಿ ಕೊಟ್ಟಿದ್ದರು. ಮೊಮ್ಮಗಳು ಫೋನಿನಲ್ಲಿ ಹುಡುಕಿ, ಕಡುಗೆಂಪು ಡಯಲಿನ ಒಂದು ‘ಜನತಾ’ ವಾಚನ್ನು ತರಿಸಿದ್ದಳು. ಚಿತ್ರದಲ್ಲಿ ಅದು ಪಳಪಳ ಹೊಳೆಯುತ್ತಿತ್ತು.

ಹಿರಿಯರು ವಾಚನ್ನು ಒಮ್ಮೆ ಕಿವಿಗೆ ಹಿಡಿದರು, ಆಮೇಲೆ ದೀಪದ ಬೆಳಕಿಗೆ ಓರೆಯಾಗಿ ಹಿಡಿದರು. “ಮೇಷ್ಟ್ರೇ, ಒಳಗಿನ ಯಂತ್ರ ನಮ್ಮದೇ. ಆದರೆ ಈ ಕೆಂಪು ನಮ್ಮದಲ್ಲ. ಹಳೇ ಡಯಲ್ ಕೆರೆದು ಮತ್ತೆ ಬಣ್ಣ ಹೊಡೆದಿದ್ದಾರೆ. ಅಕ್ಷರದ ಅಂಚು ನೋಡಿ, ಹೇಗೆ ಹರಡಿಕೊಂಡಿದೆ” ಎಂದರು.

ನಾನು ಹುಡುಗಿಯ ಫೋನು ತೆಗೆದುಕೊಂಡು, ವಾಚು ಮಾರಿದ ಪುಟವನ್ನು ಕೊನೆಯವರೆಗೂ ಓದಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ವಾಚಿನ ಹೆಸರು, ಬೆಲೆ, ರಿಯಾಯಿತಿ. ಕೆಳಗೆ, ತೀರಾ ಕೆಳಗೆ, ‘ರೀಫರ್ಬಿಶ್ಡ್’ ಎಂಬ ಒಂದು ಪದ. ಅಂದರೆ ಹಳೆಯದನ್ನು ದುರಸ್ತಿ ಮಾಡಿ ಹೊಸತರಂತೆ ಕಾಣಿಸಿದ್ದು. ಅದರ ಪಕ್ಕದಲ್ಲೇ ‘ವಾಪಸು ಪಡೆಯುವುದಿಲ್ಲ’ ಎಂದೂ ಇತ್ತು.

“ಸಾರ್, ಅಷ್ಟು ಕೆಳಗಿರೋದನ್ನ ಯಾರು ಓದ್ತಾರೆ?” ಎಂದಳು.

“ಪ್ರಶ್ನೆಪತ್ರಿಕೆಯ ಕೊನೇ ಪುಟ ಓದದೆ ಬಂದಿದ್ದೀಯೇನಮ್ಮ?” ಎಂದೆ. ತಾತ ನಕ್ಕರು. ಅವಳು ನಗಲಿಲ್ಲ.

ಅಂದಿನ ಅಂಗಡಿ, ಇಂದಿನ ಪರದೆ

1986ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮುಗಿದಾಗ ಅಪ್ಪ ನನ್ನನ್ನು ಯಲಹಂಕದ ಒಂದು ಅಂಗಡಿಗೆ ಕರೆದೊಯ್ದಿದ್ದರು. ಅಂಗಡಿಯವರು ವಾಚಿಗೆ ಕೀಲಿ ಕೊಟ್ಟು ನನ್ನ ಕಿವಿಗೆ ಹಿಡಿದರು. ಮಣಿಕಟ್ಟಿಗೆ ಕಟ್ಟಿ, ಬೆಲ್ಟಿಗೆ ಇನ್ನೊಂದು ತೂತು ಹಾಕಿಕೊಟ್ಟರು. ಗ್ಯಾರಂಟಿ ಕಾರ್ಡಿಗೆ ಮೊಹರು ಒತ್ತಿ ಸಹಿ ಮಾಡಿದರು. ಕಿವಿ, ಕೈ, ಕಾಗದ: ಈ ಮೂರು ಪರೀಕ್ಷೆ ಮುಗಿದ ಮೇಲೆಯೇ ಅಪ್ಪ ಜೇಬಿಗೆ ಕೈ ಹಾಕಿದ್ದು.

ನಮ್ಮ ಊರಿಗೂ ವಾಚಿಗೂ ಹಳೆಯ ನಂಟು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಆರಂಭವಾಯಿತು. ಮುಂದೆ ತುಮಕೂರಿನಲ್ಲೂ ಒಂದು ಕಾರ್ಖಾನೆ ಬಂತು. 1980ರ ದಶಕದ ಕೊನೆಗೆ ಹೊಸೂರಿನಿಂದ ಟೈಟನ್‌ನ ಕ್ವಾರ್ಟ್ಸ್ ವಾಚುಗಳು ಬಂದ ಮೇಲೆ ಕೀಲಿ ಕೊಡುವ ವಾಚುಗಳ ಕಾಲ ಹಿಂದೆ ಸರಿಯಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಆ ಸುದ್ದಿಯ ಬಳಿಕ ಹಳೆಯ ಎಚ್‌ಎಂಟಿಗಳ ಮೇಲೆ ಜನರಿಗೆ ಮತ್ತೆ ಪ್ರೀತಿ ಉಕ್ಕಿತು. ಪ್ರೀತಿ ಇರುವಲ್ಲಿ ವ್ಯಾಪಾರವೂ ಇರುತ್ತದೆ. ಹಳೆಯ ಯಂತ್ರಕ್ಕೆ ಎಲ್ಲಿಯದೋ ಮುಳ್ಳು, ಎಲ್ಲಿಯದೋ ಕವಚ ಜೋಡಿಸಿ, ಡಯಲಿಗೆ ಹೊಸ ಬಣ್ಣ ಬಳಿದ ವಾಚುಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಮಾರಾಟವಾಗುತ್ತಿವೆ.

ಇದು ಎಚ್‌ಎಂಟಿಯೊಂದರ ಕಥೆಯಲ್ಲ. ಯಾವ ವಾಚೇ ಇರಲಿ, ಫೋನಿನ ಪರದೆ ನಮಗೆ ಕಿವಿಯನ್ನೂ ಕೈಯನ್ನೂ ಕೊಡುವುದಿಲ್ಲ; ಚಿತ್ರವನ್ನಷ್ಟೇ ಕೊಡುತ್ತದೆ. ಚಿತ್ರಕ್ಕೆ ಅಳತೆಯಿಲ್ಲ. ಆನೆಯನ್ನೂ ಇರುವೆಯನ್ನೂ ಒಂದೇ ಗಾತ್ರದಲ್ಲಿ ತೋರಿಸಬಹುದು. ಆದ್ದರಿಂದ ಚಿತ್ರದ ಕೆಳಗಿರುವ ಅಂಕಿಗಳನ್ನು ಓದಿ, ಅವನ್ನು ಮನೆಯಲ್ಲೇ ಪರೀಕ್ಷಿಸಿ ನೋಡುವುದೊಂದೇ ದಾರಿ. ಇದಕ್ಕೆ ಬೇಕಾದ ಉಪಕರಣಗಳು ನಿಮ್ಮ ಜಾಮಿಟ್ರಿ ಬಾಕ್ಸಿನಲ್ಲೇ ಇವೆ.

ಮೊದಲು ಮಣಿಕಟ್ಟು ಅಳೆಯಿರಿ

ಅಂತರ್ಜಾಲದಲ್ಲಿ ತರಿಸಿದ ವಾಚಿನ ಬಗ್ಗೆ ಮಕ್ಕಳಿಂದ ನಾನು ಹೆಚ್ಚಾಗಿ ಕೇಳುವ ದೂರು ‘ತುಂಬಾ ದೊಡ್ಡದಾಯಿತು’ ಎಂಬುದು. ವಿವರದಲ್ಲಿ ‘ಕೇಸ್ ಡಯಾಮೀಟರ್ 42 ಮಿ.ಮೀ.’ ಎಂದಿರುತ್ತದೆ. ಕೈವಾರ ತೆಗೆದುಕೊಂಡು ದಪ್ಪ ಕಾಗದದ ಮೇಲೆ ಅಷ್ಟು ವ್ಯಾಸದ ವೃತ್ತ ಎಳೆಯಿರಿ. ಕೈವಾರವನ್ನು 21 ಮಿ.ಮೀ.ಗೆ ತೆರೆಯಬೇಕು, 42ಕ್ಕಲ್ಲ! ತ್ರಿಜ್ಯಕ್ಕೂ ವ್ಯಾಸಕ್ಕೂ ಇರುವ ಭೇದವನ್ನು ಪರೀಕ್ಷೆಯಲ್ಲಿ ಮರೆತರೆ ಒಂದು ಅಂಕ ಹೋಗುತ್ತದೆ, ಇಲ್ಲಿ ಮರೆತರೆ ಹಣವೇ ಹೋಗುತ್ತದೆ. ವೃತ್ತವನ್ನು ಕತ್ತರಿಸಿ ಕೈಮೇಲೆ ಇಟ್ಟು ಕನ್ನಡಿಯಲ್ಲಿ ನೋಡಿಕೊಳ್ಳಿ.

ಕೈವಾರ ಸಿಗದಿದ್ದರೆ ಹತ್ತು ರೂಪಾಯಿಯ ನಾಣ್ಯ ಸಾಕು. ಅದರ ವ್ಯಾಸ 27 ಮಿ.ಮೀ. ವಾಚು ಅದಕ್ಕಿಂತ ಎಷ್ಟು ದೊಡ್ಡದು ಎಂಬ ಅಂದಾಜು ಕಣ್ಣಿಗೆ ಸಿಗುತ್ತದೆ. ಹಳೆಯ ಜನತಾ ವಾಚು ಸುಮಾರು 35 ಮಿ.ಮೀ. ಮಾತ್ರ ಇತ್ತು.

ವ್ಯಾಸವೊಂದೇ ಸಾಲದು. ಬೆಲ್ಟು ಸೇರುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದವನ್ನು ‘ಲಗ್ ಟು ಲಗ್’ ಎನ್ನುತ್ತಾರೆ. ಮಣಿಕಟ್ಟಿನ ಮೇಲ್ಭಾಗದ ಅಗಲವನ್ನು ಸ್ಕೇಲಿನಿಂದ ಅಳೆಯಿರಿ. ಈ ಉದ್ದ ಆ ಅಗಲಕ್ಕಿಂತ ಹೆಚ್ಚಿದ್ದರೆ ವಾಚು ಎರಡೂ ಕಡೆ ಹೊರಚಾಚಿ ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ. ಬೆಲ್ಟಿನ ಅಗಲವನ್ನೂ ಬರೆದಿಟ್ಟುಕೊಳ್ಳಿ. 18, 20 ಅಥವಾ 22 ಮಿ.ಮೀ. ಇದ್ದರೆ ಮುಂದೆ ಬೆಲ್ಟು ಹರಿದಾಗ ಬೇರೆಯದು ಸುಲಭವಾಗಿ ಸಿಗುತ್ತದೆ.

ಒಳಗೆ ಬಡಿಯುವುದು ಏನು?

ವಿವರದಲ್ಲಿ ‘ಮೂವ್‌ಮೆಂಟ್’ ಎಂಬ ಸಾಲಿರುತ್ತದೆ. ವಾಚಿನ ಹೃದಯದ ಮಾಹಿತಿ ಇರುವುದು ಇಲ್ಲಿ. ‘ಕ್ವಾರ್ಟ್ಸ್’ ಎಂದಿದ್ದರೆ ಸೆಲ್ಲಿನಿಂದ ನಡೆಯುವಂಥದ್ದು. ಅದರೊಳಗಿನ ಸಣ್ಣ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಏಕೆ? 32,768ನ್ನು ಎರಡರಿಂದ ಭಾಗಿಸುತ್ತಾ ಹೋಗಿ. ಹದಿನೈದನೆಯ ಸಲಕ್ಕೆ ಸರಿಯಾಗಿ 1 ಉಳಿಯುತ್ತದೆ. ವಾಚಿನ ವಿದ್ಯುನ್ಮಂಡಲ ಮಾಡುವುದೂ ಇದನ್ನೇ. ಹಾಗೆ ದೊರೆತ ಸೆಕೆಂಡಿಗೊಂದು ಮಿಡಿತವೇ ಮುಳ್ಳನ್ನು ಮುಂದಕ್ಕೆ ತಳ್ಳುತ್ತದೆ. ಸಾಮಾನ್ಯ ಕ್ವಾರ್ಟ್ಸ್ ವಾಚು ತಿಂಗಳಿಗೆ 15-20 ಸೆಕೆಂಡು ಹಿಂದೆ ಮುಂದೆ ಆಗಬಹುದು, ಅಷ್ಟೆ.

‘ಮೆಕ್ಯಾನಿಕಲ್’ ಅಥವಾ ‘ಹ್ಯಾಂಡ್ ವೈಂಡಿಂಗ್’ ಎಂದಿದ್ದರೆ ದಿನವೂ ಕೀಲಿ ಕೊಡಬೇಕು. ಜನತಾದಂಥ ವಾಚಿನ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಬಡಿಯುತ್ತದೆ. ದಿನಕ್ಕೆ ಅರ್ಧ ನಿಮಿಷ ತಪ್ಪಿದರೂ ಅದು ಕೆಟ್ಟಿದೆ ಎನ್ನಬೇಡಿ. ದಿನದ 86,400 ಸೆಕೆಂಡುಗಳಲ್ಲಿ 30 ತಪ್ಪಿದರೆ ನೂರಕ್ಕೆ 99.96ಕ್ಕಿಂತ ಹೆಚ್ಚು ಅಂಕ ಬಂದಂತೆ. ಆದರೆ ಕೀಲಿ ಕೊಡುವ ತಾಳ್ಮೆ, ಕೆಲವು ವರ್ಷಗಳಿಗೊಮ್ಮೆ ಶುಚಿ ಮಾಡಿಸಿ ಎಣ್ಣೆ ಹಾಕಿಸುವ ಖರ್ಚು ಎರಡೂ ಬೇಕು. ಮೊದಲ ವಾಚು ಕಟ್ಟುವ ಹೆಚ್ಚಿನ ಮಕ್ಕಳಿಗೆ ಕ್ವಾರ್ಟ್ಸೇ ಅನುಕೂಲ.

ಡಯಲಿನ ಮೇಲಿನ ಮೂರು ಪುಟ್ಟ ವೃತ್ತಗಳನ್ನು ನೋಡಿ ಮಾರುಹೋಗುವವರು ಬಹಳ. ಅಗ್ಗದ ಕೆಲವು ವಾಚುಗಳಲ್ಲಿ ಅವು ಕೇವಲ ಅಚ್ಚು, ಕೆಲಸ ಮಾಡುವುದಿಲ್ಲ. ‘ಕ್ರೋನೋಗ್ರಾಫ್’ ಎಂದು ಸ್ಪಷ್ಟವಾಗಿ ಬರೆದಿದೆಯೇ, ‘ಕ್ರೋನೋಗ್ರಾಫ್ ವಿನ್ಯಾಸ’ ಎಂದಷ್ಟೇ ಇದೆಯೇ ನೋಡಿ. ಒಂದು ಪದದಲ್ಲಿ ಎಲ್ಲ ಅಡಗಿರುತ್ತದೆ.

30 ಮೀಟರ್ ಎಂದರೆ ಮುಳುಗಬಹುದೆಂದಲ್ಲ

‘ವಾಟರ್ ರೆಸಿಸ್ಟೆಂಟ್ 30 ಮೀಟರ್’ ಎಂಬುದನ್ನು ಓದಿ, ವಾಚು ಕಟ್ಟಿಕೊಂಡು ಈಜುಕೊಳಕ್ಕೆ ಹಾರಿದ ಹುಡುಗನನ್ನು ನಾನು ಬಲ್ಲೆ. ಮರುದಿನ ಗಾಜಿನೊಳಗೆ ಮಂಜು ಕಟ್ಟಿತ್ತು. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು ಒಂದು ವಾತಾವರಣದಷ್ಟು ಏರುತ್ತದೆ ಎಂದು ನೀವು ಓದಿದ್ದೀರಿ. 30 ಮೀಟರ್ ಎಂಬುದು ಪ್ರಯೋಗಾಲಯದಲ್ಲಿ ಅಷ್ಟು ಆಳದ ಸ್ಥಿರ ಒತ್ತಡಕ್ಕೆ ಸಮನಾದ ಲೆಕ್ಕ. ಈಜುವಾಗ ಕೈ ನೀರನ್ನು ಬಡಿಯುವ ರಭಸ, ಬಿಸಿ ನೀರು, ಸೋಪು ಇವು ಆ ಲೆಕ್ಕದಲ್ಲಿಲ್ಲ. 30 ಮೀಟರ್ ಎಂದಿದ್ದರೆ ಕೈತೊಳೆಯುವಾಗಿನ ಹನಿ, ತುಂತುರು ಮಳೆಗೆ ಸಾಕು ಎಂದು ತಿಳಿಯಿರಿ. ಈಜುವವರು 100 ಮೀಟರಿನದನ್ನು ನೋಡುವುದು ಕ್ಷೇಮ.

ಗಾಜಿನ ವಿಷಯವೂ ಹೀಗೆಯೇ. ಧೂಳಿನಲ್ಲಿರುವ ಮರಳಿನ ಕಣದ ಗಡಸುತನ ಮೋಸ್ ಮಾನದಲ್ಲಿ 7. ಸಾಮಾನ್ಯ ಗಾಜು ಅದಕ್ಕಿಂತ ಮೆದು, ಸಫೈರ್ 9. ಆದ್ದರಿಂದ ಸಾಮಾನ್ಯ ಗಾಜಿಗೆ ಗೀರು ಬೀಳುತ್ತದೆ, ಸಫೈರ್‌ಗೆ ಸುಲಭವಾಗಿ ಬೀಳದು. ಆದರೆ ‘ಸಫೈರ್ ಕೋಟೆಡ್’ ಎಂದರೆ ಪೂರ್ತಿ ಸಫೈರ್ ಅಲ್ಲ. ‘ಗೋಲ್ಡ್ ಟೋನ್’ ಎಂದರೆ ಚಿನ್ನವಲ್ಲ, ಬಣ್ಣ ಮಾತ್ರ. ‘ಪಿಯು’ ಬೆಲ್ಟು ಚರ್ಮದ್ದಲ್ಲ. ‘ಅಲಾಯ್’ ಕವಚದ ಲೇಪ ಬೆವರಿಗೆ ಸವೆಯಬಹುದು. ‘ಸ್ಟೇನ್‌ಲೆಸ್ ಸ್ಟೀಲ್’ ಬಾಳಿಕೆ ಬರುತ್ತದೆ.

ಮಾರುವವರು ಯಾರು?

ಪೋಷಕರು ಗಮನಿಸಬೇಕಾದ ಭಾಗ ಇದು. ದೊಡ್ಡ ಮಾರಾಟ ತಾಣದ ಹೆಸರು ನೋಡಿ ಹಣ ಕಟ್ಟುತ್ತೇವೆ. ಆದರೆ ಬಹಳ ಸಲ ಆ ತಾಣ ಸಂತೆಯ ಮೈದಾನವಿದ್ದಂತೆ. ಅಂಗಡಿ ಇಟ್ಟವರು ಬೇರೆ. ‘ಸೋಲ್ಡ್ ಬೈ’ ಎಂಬಲ್ಲಿ ಅವರ ಹೆಸರಿರುತ್ತದೆ. ಅದನ್ನು ಒತ್ತಿ ವಿಳಾಸ ನೋಡಿ. ವಾಚು ಕಂಪನಿ ಕೊಡುವ ವಾರಂಟಿ ಈ ಮಾರಾಟಗಾರರಿಂದ ಕೊಂಡರೂ ಸಿಗುತ್ತದೆಯೇ ಎಂದು ಕಂಪನಿಯ ಗ್ರಾಹಕ ಸೇವೆಗೆ ಒಂದು ಫೋನು ಮಾಡಿ ಕೇಳಿ. ‘ಮಾರಾಟಗಾರರ ವಾರಂಟಿ’ ಬೇರೆ, ‘ತಯಾರಕರ ವಾರಂಟಿ’ ಬೇರೆ.

ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು 2020ರಲ್ಲಿ ಜಾರಿಗೆ ಬಂದಿವೆ. ಅವುಗಳ ಪ್ರಕಾರ ಮಾರಾಟಗಾರರ ವಿವರ, ವಸ್ತು ಯಾವ ದೇಶದ್ದು, ವಾಪಸಿ ಮತ್ತು ವಾರಂಟಿಯ ಷರತ್ತುಗಳು ಕೊಳ್ಳುವ ಮೊದಲೇ ಕಾಣುವಂತಿರಬೇಕು. ತಾಣದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಆಯೋಗಕ್ಕೆ ದೂರು ಕೊಡುವುದಾದರೆ, 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು.

ಆದರೆ ಇವೆಲ್ಲಕ್ಕೂ ಕೈಯಲ್ಲಿ ಆಧಾರ ಬೇಕು. ಆರ್ಡರ್ ಮಾಡುವ ದಿನವೇ ಆ ಪುಟದ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಬಿಲ್ಲನ್ನು ತೆಗೆದಿಡಿ. ಪೊಟ್ಟಣ ಬಂದಾಗ ಒಬ್ಬರು ಬಿಚ್ಚಲಿ, ಇನ್ನೊಬ್ಬರು ವಿಡಿಯೊ ಮಾಡಲಿ. ವಾಪಸಿಗೆ ಎಷ್ಟು ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನಗಳು ಮುಗಿಯುವವರೆಗೆ ಬೆಲ್ಟು ಕತ್ತರಿಸುವುದು, ಪ್ಲಾಸ್ಟಿಕ್ ಹಾಳೆ ಕೀಳುವುದು ಬೇಡ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ, ಅದನ್ನು ನಂಬಬೇಡಿ.

ಇನ್ನೊಂದು ಮಾತು. ಪರೀಕ್ಷೆಗೆಂದೇ ವಾಚು ಕೊಳ್ಳುವವರು ಪ್ರವೇಶಪತ್ರದ ಸೂಚನೆ ಓದಿ. ನೀಟ್ ಮತ್ತು ಸಿಇಟಿ ಪರೀಕ್ಷಾ ಕೊಠಡಿಯೊಳಗೆ ಕೈಗಡಿಯಾರ ಕಟ್ಟಿಕೊಂಡು ಹೋಗುವಂತಿಲ್ಲ.

ತಾತನ ದುರಸ್ತಿ

ಆ ಕೆಂಪು ಡಯಲಿನ ವಾಚು ಏನಾಯಿತು ಎಂದು ನೀವು ಕೇಳಬಹುದು. ವಾಪಸು ಹೋಗುವಂತಿರಲಿಲ್ಲ. ನಾನು ಹುಡುಗಿಗೆ ಒಂದು ಮನೆಗೆಲಸ ಕೊಟ್ಟೆ. ದಿನವೂ ಬೆಳಿಗ್ಗೆ ಏಳಕ್ಕೆ ಕೀಲಿ ಕೊಟ್ಟು, ಫೋನಿನ ಸಮಯದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹತ್ತು ದಿನದ ಪಟ್ಟಿ ತಂದಳು. ವಾಚು ದಿನಕ್ಕೆ ಸರಾಸರಿ 50 ಸೆಕೆಂಡು ಹಿಂದೆ ಬೀಳುತ್ತಿತ್ತು.

ತಾತ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ಮನೆಯಲ್ಲಿ ಉಳಿಸಿಕೊಂಡಿದ್ದ ಹಳೆಯ ಸಲಕರಣೆ ತಂದು ಹಿಂಬದಿಯ ಮುಚ್ಚಳ ತೆಗೆದರು. ವೇಗ ಹೊಂದಿಸುವ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರು. ಮೊಮ್ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ತಾತ ಅಷ್ಟು ವರ್ಷ ಕಾರ್ಖಾನೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಅವಳು ಕಣ್ಣಾರೆ ಕಂಡದ್ದು ಅಂದೇ ಮೊದಲು. ಈಗ ಆ ವಾಚು ದಿನಕ್ಕೆ 15 ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ.

“ಬಣ್ಣ ಮಾತ್ರ ನಮ್ಮದಲ್ಲ ಮೇಷ್ಟ್ರೇ” ಎಂದು ಹಿರಿಯರು ಈಗಲೂ ಗೊಣಗುತ್ತಾರೆ. ಅವಳು ಅದನ್ನೇ ಕಟ್ಟಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಅವಳ ತಮ್ಮನಿಗೂ ಒಂದು ವಾಚು ಬೇಕೆಂದು ಮನೆಯಲ್ಲಿ ಮಾತು ಬಂತಂತೆ. ಹುಡುಗ ಫೋನಿಗೆ ಕೈ ಹಾಕುವ ಮುಂಚೆಯೇ ಅಕ್ಕ ಅವನ ಕೈಗೆ ಸ್ಕೇಲು, ಕೈವಾರ ಕೊಟ್ಟು, “ಮೊದಲು ವೃತ್ತ ಎಳಿ” ಎಂದಳಂತೆ.